ಹಿತ್ತಲ ಹೊಂಡದಲ್ಲಿ ಮೂರು ಸುತ್ತಿಗೆ

“ಒಬ್ಬ ನ್ಯಾಯಾಧೀಶರಿಗೆ ಇಷ್ಟೊಂದು ಅಂಗಿಗುಂಡಿ ಯಾತಕ್ಕಪ್ಪಾ ಬೇಕಾಯ್ತು?”

ಹಿತ್ತಲ ಹೊಂಡದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವನು ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಅಗೆಯುವವರು ಬುತ್ತಿ ಬಿಚ್ಚಲು ಮುಂದಿನ ಜಗಲಿಗೆ ಹೋಗಿದ್ದರು. ಹೆಂಡತಿ ಒಳಗೆ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಳ್ಳುತ್ತಿದ್ದಳು. ಗೋಡೆಯ ಮೇಲಿದ್ದ ಬೆಕ್ಕು, ಈ ವ್ಯವಹಾರ ತನಗೆ ಸೇರಿದ್ದಲ್ಲವೆಂದು ಮುಖ ತಿರುಗಿಸಿತು. ತಟ್ಟೆಯ ತುಂಬ ಗುಂಡಿಗಳಿದ್ದವು: ಮೂಳೆಯವು, ಹಿತ್ತಾಳೆಯವು, ಚಿಪ್ಪಿನವು, ಎರಡು ಕಣ್ಣಿನವು, ನಾಲ್ಕು ಕಣ್ಣಿನವು. ಅಷ್ಟೂ ಕಣ್ಣುಗಳಿಂದ ಅವು ಅವನನ್ನೇ ನೋಡುತ್ತಿದ್ದವು.

ಬೀದಿಯವರು ಅವನನ್ನು ‘ಮರಿಮೊಮ್ಮಗ’ ಎಂದು ಕರೆಯುತ್ತಿದ್ದರು. ತಲೆ ನರೆತಿತ್ತು, ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತಾಡತೊಡಗಿತ್ತು, ಕನ್ನಡಕದ ಅಂಗಡಿ ಇಟ್ಟು ಊರಿನ ಅರ್ಧ ಜನರ ಕಣ್ಣಿಗೆ ಗಾಜು ಕೂರಿಸಿದ್ದ; ಆದರೂ ಅವನು ಮರಿಮೊಮ್ಮಗನೇ. ಏಕೆಂದರೆ ಅವನ ಮಾತೆಲ್ಲ ‘ನಮ್ಮ ಮುತ್ತಾತ ನ್ಯಾಯಾಧೀಶರು’ ಎಂದು ಶುರುವಾಗಿ ‘ಅಂಥವರ ಮರಿಮೊಮ್ಮಗ ನಾನು’ ಎಂದು ಮುಗಿಯುತ್ತಿತ್ತು. ನಡುವೆ ಎಲ್ಲೋ ಒಂದು ಕಡೆ ಕನ್ನಡಕದ ಬೆಲೆ ಬರುತ್ತಿತ್ತು.

ಮುತ್ತಾತ ನಡುಮನೆಯ ಗೋಡೆಯ ಮೇಲೆ ಇದ್ದರು. ಕಂದುಬಣ್ಣಕ್ಕೆ ತಿರುಗಿದ ದೊಡ್ಡ ಫೋಟೋ. ಮೈಮೇಲೆ ನ್ಯಾಯಾಧೀಶರ ಕರಿ ಗೌನು. ಹೆಗಲಿನುದ್ದಕ್ಕೂ ಬಿಳಿಯ ಸಣ್ಣ ಸಣ್ಣ ಗೆರೆಗಳ ಒಂದು ಸಾಲು. ಅದು ಬಿರುದಿನ ಪಟ್ಟಿಯೆಂದು ಮನೆಯವರ ನಂಬಿಕೆ. ಎಡಗೈ ದೇಹಕ್ಕೆ ತಾಗದಂತೆ ಚೂರು ದೂರ ಚಾಚಿದೆ. ಅದು ತೀರ್ಪು ಕೊಡುವ ಕೈ. ತುಟಿಗಳು ಬಿಗಿದಿವೆ, ಅದು ಅಪರಾಧಿಗಳ ಎದೆ ನಡುಗಿಸಿದ ತುಟಿ. ತುಟಿಯಂಚಿನಲ್ಲಿ ಒಂದೆರಡು ಬಿಳಿ ಚುಕ್ಕೆಗಳಿದ್ದವು. ಅದು ಫೋಟೋಗೆ ವಯಸ್ಸಾದದ್ದು.

ಆ ತುಟಿ ಮತ್ತು ಆ ಕೈ ಮನೆಯ ಗಂಡಸರಿಗೆಲ್ಲ ಪಿತ್ರಾರ್ಜಿತವಾಗಿ ಬಂದಿದ್ದವು. ಬೀದಿಯಲ್ಲಿ ಯಾರ ಮನೆಯ ನೀರು ಯಾರ ಗೋಡೆಗೆ ಹರಿದರೂ ಸರಿ, ಮರಿಮೊಮ್ಮಗ ಅಂಗಡಿಯಿಂದ ಇಳಿದು ಬಂದು, ತುಟಿ ಬಿಗಿದು, ಎಡಗೈಯನ್ನು ಪಕ್ಕೆಯಿಂದ ದೂರ ಹಿಡಿದು, ಯಾರೂ ಕೇಳದ ತೀರ್ಪು ಕೊಟ್ಟು ಹೋಗುತ್ತಿದ್ದ. ಅದರ ಮೇಲೆ ಅಪೀಲು ಇರಲಿಲ್ಲ. ಅದನ್ನು ಪಾಲಿಸಿದವರೂ ಇರಲಿಲ್ಲ.

ಅವನ ಬಾಳಿಗೆ ಇದ್ದದ್ದು ಒಂದೇ ಆಸೆ. ಪುರಸಭೆಯ ಸಭಾಂಗಣದಲ್ಲಿ ಊರಿನ ಹಿರಿಯರ ಫೋಟೋಗಳ ಸಾಲಿದೆ. ಸಾಲಿನ ಕೊನೆಯಲ್ಲಿ ಒಂದು ಮೊಳೆ ಖಾಲಿ. ಆ ಮೊಳೆಗೆ ಮುತ್ತಾತ ಏರಬೇಕು. ಇದಕ್ಕಾಗಿ ಅವನು ಪುರಸಭೆಯ ಅಧಿಕಾರಿಯ ಕೋಣೆಗೆ ಎಡತಾಕಿ ಎಡತಾಕಿ, ಅಲ್ಲಿನ ಬೆಂಚಿನ ಒಂದು ಕಾಲು ಸಡಿಲವಾಗಿತ್ತು.

“ಆಧಾರ ಏನ್ರೀ?” ಎಂದು ಅಧಿಕಾರಿ ಪ್ರತಿ ಸಲವೂ ಕೇಳುತ್ತಿದ್ದರು.

“ನಾನೇ ಇದ್ದೀನಲ್ಲ ಸ್ವಾಮಿ, ಮರಿಮೊಮ್ಮಗ.”

“ನೀವು ಇದ್ದೀರಿ ಅನ್ನೋದಕ್ಕೆ ನೀವು ಆಧಾರ. ಅವರು ನ್ಯಾಯಾಧೀಶರು ಅನ್ನೋದಕ್ಕೆ? ಹೋಗಿ, ಈ ಇತಿಹಾಸ ಅಗೆಯೋರು ಇದ್ದಾರಲ್ಲ ವಿಶ್ವವಿದ್ಯಾಲಯದಲ್ಲಿ, ಅವರ ಬಾಯಲ್ಲಿ ಒಂದು ಮಾತು ಹೇಳಿಸಿ. ಮೊಳೆ ನಿಮ್ಮದು.”

ಸಲಹೆ ಕೊಟ್ಟದ್ದು ಅಟ್ಟುವುದಕ್ಕೆ. ಇವನು ಅದನ್ನು ವರವೆಂದು ತಿಳಿದ. ಹೀಗೆ ಮನೆಗೆ ಬಂದವರು ಮೇಡಂ.

ಮೇಡಂ ಎಂದರೆ ಒಣಗಿದ ಮೈಯ, ಚುರುಕು ಕಣ್ಣಿನ ಹೆಂಗಸು. ಸೊಂಟದಲ್ಲಿ ಕುಂಚ, ಜೇಬಿನಲ್ಲಿ ದಾರದುಂಡೆ, ಹಿಂದೆ ನಾಲ್ಕಾರು ಜನ ಶಿಷ್ಯರು. ಮರಿಮೊಮ್ಮಗ ಬಾಗಿಲಲ್ಲೇ ತಡೆದು ನಡುಮನೆಯ ಫೋಟೋ ತೋರಿಸಿದ, ಮುತ್ತಾತ ಕೂರುತ್ತಿದ್ದರೆಂದು ಹೇಳಲಾದ ಕುರ್ಚಿ ತೋರಿಸಿದ, ಅವರು ಒರಗುತ್ತಿದ್ದರೆಂದು ತಾನೇ ತೀರ್ಮಾನಿಸಿದ ಗೋಡೆಯನ್ನೂ ತೋರಿಸಿದ. ಮೇಡಂ ಎಲ್ಲಕ್ಕೂ ತಲೆದೂಗಿ, “ಅದೆಲ್ಲ ಸರಿ. ಕಸ ಎಲ್ಲಿ ಸುರೀತಿದ್ರು?” ಎಂದರು.

ಮರಿಮೊಮ್ಮಗನಿಗೆ ಕಿವಿಗೆ ಬಿಸಿ ಎಣ್ಣೆ ಹೊಯ್ದಂತಾಯಿತು.

“ಏನಂದ್ರಿ?”

“ಕಸ ರೀ. ಒಡೆದ ಲೋಟ, ಹರಿದ ಚಪ್ಪಲಿ. ಮನೆ ಹಿಂದೆ ಒಂದು ಹೊಂಡ ಇರ್ತಿತ್ತಲ್ಲ ಆ ಕಾಲದಲ್ಲಿ.”

“ನ್ಯಾಯಾಧೀಶರ ಮನೆಗೆ ಬಂದು ಕಸ ಕೇಳ್ತೀರಲ್ರೀ! ನೀವು ರಾಜರ ಅರಮನೆ, ಚಿನ್ನದ ನಾಣ್ಯ ಹುಡುಕೋರು ಅಂದ್ಕೊಂಡಿದ್ದೆ!”

“ಅದನ್ನ ಹುಡುಕೋರು ಬೇರೆ ಇದ್ದಾರೆ. ನಮ್ಮದು ಮೊನ್ನೆ ಮೊನ್ನೆಯ ಕಾಲ. ಕಾಗದ ಇದ್ದ ಕಾಲ. ಕಾಗದದಲ್ಲಿ ಒಂದು ಇರುತ್ತೆ, ಮಣ್ಣಲ್ಲಿ ಇನ್ನೊಂದು ಇರುತ್ತೆ. ಎರಡನ್ನೂ ಎದುರಾಬದುರು ಕೂರಿಸಿ ಕೇಳೋದು ನಮ್ಮ ಕೆಲಸ. ಕೋರ್ಟಿನ ಹಳೇ ದಾಖಲೆ ನೋಡಿಸಿದೆ. ನಿಮ್ಮ ಮುತ್ತಾತನ ಹೆಸರಿನ ನ್ಯಾಯಾಧೀಶರು ಅಲ್ಲಿ ಇಲ್ಲ.”

“ಗೆದ್ದಲು ತಿಂದಿರುತ್ತೆ!”

“ಇರಬಹುದು. ಅದಕ್ಕೇ ಹೊಂಡ ಕೇಳಿದ್ದು.”

ಹೊಂಡ ತೋರಿಸಿದ್ದು ಹೆಂಡತಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಏನು ನೆಟ್ಟರೂ ಪೊಗದಸ್ತಾಗಿ ಬರುವ ಜಾಗ. ಅಲ್ಲಿ ದಾರ ಕಟ್ಟಿ ಚೌಕ ಮಾಡಿದರು. ಮರಿಮೊಮ್ಮಗ ಉತ್ಸಾಹದಿಂದ ಗುದ್ದಲಿ ಎತ್ತಿ ತಂದ. ಮೇಡಂ, ಹಾವು ಕಂಡವರಂತೆ ಕಿರುಚಿದರು. ಅಗೆತ ಎಂದರೆ ಅದು ಅಗೆತವೇ ಅಲ್ಲ. ಕೂಸಿನ ತಲೆ ಬಾಚಿದ ಹಾಗೆ ಮಣ್ಣನ್ನು ಕೆರೆಯುವುದು. ಮಣ್ಣಿನ ಬಣ್ಣ ಬದಲಾದರೆ ನಿಲ್ಲುವುದು, ನೋಡುವುದು, ಬರೆಯುವುದು. ಮೇಲಿನ ಪದರದಲ್ಲಿ ಪ್ಲಾಸ್ಟಿಕ್ ಬಾಚಣಿಗೆ, ಪೆನ್ನಿನ ಮುಚ್ಚಳ ಬಂದವು. ಅದರ ಕೆಳಗೆ ಅವನ ಅಪ್ಪ ಕಳೆದುಕೊಂಡು ಮನೆಯವರನ್ನೆಲ್ಲ ಬೈದಿದ್ದ ನಶ್ಯದ ಡಬ್ಬಿ ಬಂತು. ಒಂದೊಂದಕ್ಕೂ ದಾರದಲ್ಲಿ ಒಂದು ನಂಬರಿನ ಚೀಟಿ.

ಈ ನಡುವೆ ಶಿಷ್ಯರ ಜರಡಿ ಹರಿಯಿತು. ಮರಿಮೊಮ್ಮಗ ದೊಡ್ಡ ಮನಸ್ಸು ಮಾಡಿ ಅಡುಗೆಮನೆಯ ಜರಡಿ ಎತ್ತಿ ಕೊಟ್ಟುಬಿಟ್ಟ. ಪಾತ್ರೆಗಳ ಮೇಲೆ ಕೋಪ ಶುರುವಾದದ್ದು ಅಂದಿನಿಂದ.

“ರೀ, ನಿಮ್ಮ ಮುತ್ತಾತ ತೀರ್ಪು ಕೊಟ್ಟು ಹೋದರು. ನಾನು ಹಿಟ್ಟು ಯಾತರಲ್ಲಿ ಜರಡಿ ಹಿಡೀಲಿ? ನಿಮ್ಮ ತಲೆಗೂದಲಲ್ಲಾ?”

“ಸ್ವಲ್ಪ ತಾಳು. ಇತಿಹಾಸ ಆಗ್ತಾ ಇದೆ.”

“ಆಗಲಿ. ಊಟ ಆಗಲ್ಲ.”

ಆಮೇಲೆ ಬಂದವು ಗುಂಡಿಗಳು. ಮೊದಲನೆಯದು ಬಂದಾಗ ಮರಿಮೊಮ್ಮಗ ಬೀದಿಗೆ ಕೇಳುವಂತೆ ಕೂಗಿದ್ದ. ಹಿತ್ತಾಳೆಯ ಗುಂಡಿ, ಅದರ ಮೇಲೆ ಸ್ಪಷ್ಟವಾಗಿ ತಕ್ಕಡಿಯ ಗುರುತು. ನ್ಯಾಯದ ತಕ್ಕಡಿ! ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಕೂಡ ಓದುತ್ತಿದ್ದ ಪತ್ರಿಕೆ ಮಡಿಸಿ ಬಂದು ಹಿತ್ತಲ ಗೋಡೆಗೆ ಆತು ನಿಂತರು. ಎರಡನೆಯದೂ ತಕ್ಕಡಿಯೇ ಬಂದಾಗ ಸಂತೋಷ ದುಪ್ಪಟ್ಟಾಯಿತು. ಬೊಗಸೆ ತುಂಬುವ ಹೊತ್ತಿಗೆ ಸಂತೋಷಕ್ಕೆ ಜ್ವರ ಬಂದಿತ್ತು. ತಕ್ಕಡಿಯಿಲ್ಲದವು ಬಂದವು. ಸೂಜಿ ಬಂತು. ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ ಪಿನ್ನುಗಳ ಮುದ್ದೆ ಬಂತು. ಮುರಿದ ಕತ್ತರಿಯ ಒಂದು ಕಾಲು ಬಂತು.

“ಒಬ್ಬರು ನ್ಯಾಯಾಧೀಶರು ಗೌನು ತೊಟ್ಟರೆ ಎಷ್ಟು ಗುಂಡಿ ಉದುರಬಹುದು?” ಎಂದು ಮೇಡಂ ಶಾಂತವಾಗಿ ಕೇಳಿದರು. “ಇವುಗಳಲ್ಲಿ ಬಹಳಷ್ಟಕ್ಕೆ ಒಮ್ಮೆಯೂ ದಾರ ಹೊಕ್ಕಿಲ್ಲ, ಕಣ್ಣು ಸವೆದಿಲ್ಲ. ಹಾಕಿಕೊಂಡ ಗುಂಡಿಗಳಲ್ಲ ಇವು. ಹಾಕೋಕೆ ಇಟ್ಟುಕೊಂಡಿದ್ದ ಗುಂಡಿಗಳು.”

“ಅಂದ್ರೆ?”

“ಇಲ್ಲಿ ಒಬ್ಬ ದರ್ಜಿ ಇದ್ದರು ಅನ್ನಿಸುತ್ತೆ.”

ಗೋಡೆಯಾಚೆ ಮ್ಯಾನೇಜರ ಮುಖ ಅರಳಿತು. ಮಾರನೆಯ ಬೆಳಿಗ್ಗೆಗೆ ಸುದ್ದಿ ಬೀದಿ ದಾಟಿತು. ಮಧ್ಯಾಹ್ನಕ್ಕೆ ಅವನ ಅಕ್ಕನನ್ನು ಊರಾಚೆಯ ಮನೆಯಿಂದ ಎಬ್ಬಿಸಿಕೊಂಡು ಬಂತು.

ಅಕ್ಕ ಚಪ್ಪಲಿ ಬಿಡುವುದಕ್ಕೂ ತಾಳಲಿಲ್ಲ. “ಲೋ, ನಿನಗೆ ಮಾಡೋಕೆ ಬೇರೆ ಕೆಲಸ ಇರಲಿಲ್ವೇನೋ? ನೆಮ್ಮದಿಯಾಗಿ ಗೋಡೆ ಮೇಲೆ ಇದ್ದರು ಮುತ್ತಾತ. ಅಗೆಸಿ ಅಗೆಸಿ ದರ್ಜಿ ಮಾಡಿ ಕೂರಿಸಿದೆಯಲ್ಲೋ! ಬೀಗರ ಮುಂದೆ ನಾನು ‘ನಮ್ಮದು ನ್ಯಾಯಾಧೀಶರ ಮನೆತನ’ ಅಂದು ಅಂದು, ಅವರು ನನಗೆ ಎದ್ದು ಕುರ್ಚಿ ಬಿಟ್ಟುಕೊಡ್ತಾರೆ ಕಣೋ. ನಾಳೆ ಆ ಕುರ್ಚಿ ಮೇಲೆ ನಾನು ಹೇಗೋ ಕೂರಲಿ?”

“ನಾನೇನು ಮಾಡ್ಲಿ ಅಕ್ಕ? ಮಣ್ಣು ಹಾಗೆ ಹೇಳ್ತಿದೆಯಂತೆ.”

“ಮಣ್ಣಿಗೇನು ಬಾಯಿದೆ! ನಾವು ಹೇಳಿಸಿದ ಹಾಗೆ ಹೇಳುತ್ತೆ!”

ಮಾತು ಸಿಟ್ಟಿನಲ್ಲಿ ಬಂದದ್ದು. ಆದರೆ ಅಕ್ಕ ತಮ್ಮ ಇಬ್ಬರ ಕಣ್ಣೂ ಹಿತ್ತಲ ಕಡೆ ಹೊರಳಿದವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಯೋಚನೆಯನ್ನು ಇಬ್ಬರೂ ಬೇರೆ ಬೇರೆ ಜೇಬಿನಲ್ಲಿ ಹಾಕಿಕೊಂಡು ಎದ್ದುಹೋದರು.

ಮುಂದಿನ ದಿನ ಊಟದ ಬಿಡುವಿನ ನಂತರ ಮೇಡಂ ಹೊಂಡಕ್ಕೆ ಇಳಿದರು. ಇಳಿದವರು ಬಹಳ ಹೊತ್ತು ಮೇಲೆ ಏಳಲಿಲ್ಲ. ಆಮೇಲೆ ಎದ್ದು ಬಂದು, ಮನೆಯವರನ್ನೆಲ್ಲ ಹಿತ್ತಲ ಜಗಲಿಗೆ ಕರೆಸಿದರು. ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ ಮೂರು ಸುತ್ತಿಗೆಗಳನ್ನು ಸಾಲಾಗಿ ಮಲಗಿಸಿದ್ದರು.

“ಇದೇನು?” ಎಂದರು. ಕೋಪದಲ್ಲಿ ಅವರ ಧ್ವನಿ ಸಣ್ಣಗಾಗುತ್ತಿತ್ತು, ಸಣ್ಣಗಾದಷ್ಟೂ ಚುಚ್ಚುತ್ತಿತ್ತು.

“ನ್ಯಾಯಾಧೀಶರ ಸುತ್ತಿಗೆ!” ಎಂದು ಮರಿಮೊಮ್ಮಗ ಎರಡೂ ಕೈ ಎತ್ತಿದ. ಎತ್ತಿದ ಮೇಲೆ ಲೆಕ್ಕ ನೋಡಿ ಅವನೇ ಬೆಚ್ಚಿದ. ಅವನು ಹೂತಿದ್ದು ಒಂದನ್ನು.

“ಮೊದಲನೆಯದು ಮರದ್ದು. ಬಣ್ಣ ಇನ್ನೂ ಕೈಗೆ ಹತ್ತುತ್ತೆ. ಎರಡನೆಯದೂ ಮರದ್ದೇ. ಅಡಿಯಲ್ಲಿ ನಾಟಕದ ಸಾಮಾನಿನ ಅಂಗಡಿಯ ಬೆಲೆಯ ಚೀಟಿ ಹಾಗೇ ಇದೆ.”

ಅಕ್ಕ ಸೆರಗು ಸರಿಮಾಡಿಕೊಂಡಳು. “ಆ ಕಾಲದಲ್ಲೂ ಚೀಟಿ ಅಂಟಿಸ್ತಿದ್ರೇನೋ.”

“ಮೂರನೆಯದು ಕಬ್ಬಿಣದ್ದು. ಗೋಡೆಗೆ ಮೊಳೆ ಹೊಡೆಯೋದು. ಹಿಡಿಗೆ ಹಸಿರು ರಬ್ಬರು.”

ಮರಿಮೊಮ್ಮಗನೂ ಅಕ್ಕನೂ ಒಟ್ಟಿಗೆ ತಿರುಗಿ ಅವನ ಹೆಂಡತಿಯನ್ನು ನೋಡಿದರು.

“ಹೌದು, ನಾನೇ ಹಾಕಿದ್ದು,” ಎಂದಳು ಅವಳು. “ಸುತ್ತಿಗೆ ಸಿಕ್ಕರೆ ಇವರೆಲ್ಲ ಎದ್ದು ಹೋಗ್ತಾರೆ ಅಂತ ನೀವೇ ಗೊಣಗ್ತಿದ್ರಲ್ಲ. ನ್ಯಾಯಾಧೀಶರದ್ದು ಹೇಗಿರುತ್ತೆ ಅಂತ ನಾನೇನು ಕಂಡಿದ್ದೀನಾ? ಮನೇಲಿದ್ದದ್ದು ಹಾಕಿದೆ. ನನಗೆ ನನ್ನ ಜರಡಿ ಬೇಕು.”

ಮೇಡಂ ಕಣ್ಣು ಮುಚ್ಚಿ ತೆರೆದರು. “ಕೇಳಿ. ನೂರು ವರ್ಷ ಅಲುಗಾಡದ ಮಣ್ಣು ಗಟ್ಟಿಯಾಗಿ, ಪದರ ಪದರವಾಗಿ ಕೂತಿರುತ್ತೆ. ನೀವು ಕೆದಕಿ ಮುಚ್ಚಿದ್ದು ಕಲಸಿದ ಹಿಟ್ಟಿನ ಹಾಗೆ ಮೆತ್ತಗಿದೆ. ಕಣ್ಣು ಕಟ್ಟಿಕೊಂಡು ಬೆರಳಿಟ್ಟರೂ ಗೊತ್ತಾಗುತ್ತೆ! ಒಂದು ಮೂಲೆ ಪೂರ್ತಿ ಹಾಳಾಯ್ತು. ಅಲ್ಲಿ ಏನಿತ್ತೋ, ಯಾವುದರ ಪಕ್ಕ ಯಾವುದಿತ್ತೋ, ಇನ್ನು ಯಾರಿಗೂ ತಿಳಿಯಲ್ಲ. ನಿಮ್ಮ ಮುತ್ತಾತ ಬಿಟ್ಟುಹೋದ ಒಂದು ಮಾತನ್ನ ನೀವೇ ಅಳಿಸಿದ್ರಿ. ಅದೂ ಯಾವುದಕ್ಕೆ? ಸುತ್ತಿಗೆ ಕುಟ್ಟೋದು ಸಿನಿಮಾದ ನ್ಯಾಯಾಧೀಶರು ರೀ! ನಮ್ಮ ಕೋರ್ಟಿನಲ್ಲಿ ಅದು ಯಾವತ್ತೂ ಇರಲಿಲ್ಲ!”

ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಮ್ಯಾನೇಜರು ನಗು ನುಂಗಲು ಹೋಗಿ ನೆತ್ತಿಗೇರಿಸಿಕೊಂಡಿದ್ದರು.

ಮರಿಮೊಮ್ಮಗನ ರೋಷ ಈಗ ತುದಿ ಮುಟ್ಟಿತು. ಅವನು ದಡದಡ ಒಳಗೆ ಹೋಗಿ, ಕುರ್ಚಿ ಹತ್ತಿ, ಫೋಟೋವನ್ನೇ ಇಳಿಸಿ ಎದೆಗವಚಿಕೊಂಡು ತಂದು ಮೇಡಂ ಮುಂದೆ ನಿಲ್ಲಿಸಿದ.

“ಸುತ್ತಿಗೆ ಸುಳ್ಳು, ಒಪ್ಪಿದೆ. ಇದು ಸುಳ್ಳಾ? ಈ ಗೌನು ಸುಳ್ಳಾ? ಹೇಳಿ! ಈ ತುಟಿ ನೋಡಿ ಹೇಳಿ!”

ಮೇಡಂ ಕೋಪ ಮರೆತು ಬಗ್ಗಿದರು. “ನಿಮ್ಮ ಅಂಗಡಿಯಲ್ಲಿ ಒಳ್ಳೇ ಭೂತಗಾಜು ಇದೆಯಾ?”

ಇತ್ತು. ಊರಿನಲ್ಲೇ ಒಳ್ಳೆಯದು ಅವನದೇ. ಅದರಲ್ಲಿ ಅವನು ಊರಿನವರ ಕನ್ನಡಕದ ಕೂದಲೆಳೆಯಂಥ ಬಿರುಕನ್ನೂ ಹುಡುಕುತ್ತಿದ್ದ. ಅದನ್ನು ಮುತ್ತಾತನ ಮೇಲೆ ಹಿಡಿಯಬೇಕೆಂದು ಮಾತ್ರ ಎಂದೂ ಹೊಳೆದಿರಲಿಲ್ಲ; ಹಿರಿಯರನ್ನು ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ?

ಮೇಡಂ ಗಾಜನ್ನು ಹೆಗಲ ಮೇಲೆ ಹಿಡಿದರು. ಬಿರುದಿನ ಪಟ್ಟಿ ದೊಡ್ಡದಾಯಿತು. ಹೆಂಡತಿ ಗಂಡನ ಭುಜದ ಮೇಲಿಂದ ಇಣುಕಿ, “ಅಯ್ಯೋ, ಇದು ಕಚ್ಚಾ ಹೊಲಿಗೆ ಅಲ್ವೇನ್ರೀ? ಪಕ್ಕಾ ಹೊಲಿಗೆ ಹಾಕಿದ ಮೇಲೆ ಬಿಚ್ಚಿ ಹಾಕ್ತಾರಲ್ಲ, ಅದು,” ಎಂದಳು.

ಗಾಜು ತೋಳಿನ ಕೆಳಗೆ ಜಾರಿತು. ಪಕ್ಕೆಯ ಉದ್ದಕ್ಕೂ ಪಿನ್ನುಗಳ ಸಾಲು. ಕೈ ಕೆಳಗಿಳಿಸಿದರೆ ಚುಚ್ಚುತ್ತವೆ. ಅದಕ್ಕೇ ದೂರ ಚಾಚಿದ ಕೈ.

ಗಾಜು ತುಟಿಗೆ ಬಂತು. ವಯಸ್ಸಿನ ಚುಕ್ಕೆಗಳು ಚುಕ್ಕೆಗಳಾಗಿರಲಿಲ್ಲ. ದುಂಡು ತಲೆಯ ಎರಡು ಪಿನ್ನುಗಳು. ತುಟಿ ಸಡಿಲಿಸಿದ್ದರೆ ಬಿದ್ದುಹೋಗುತ್ತಿದ್ದವು.

ಮರಿಮೊಮ್ಮಗ ತುಟಿ ಬಿಗಿದುಕೊಂಡು, ಎಡಗೈಯನ್ನು ಪಕ್ಕೆಯಿಂದ ದೂರ ಹಿಡಿದು ನಿಂತಿದ್ದ. ಅದನ್ನು ಅವನೇ ಗಮನಿಸಿ, ಕೈಯನ್ನು ಮೆಲ್ಲಗೆ, ಚುಚ್ಚೀತೇನೋ ಎಂಬಂತೆ ಇಳಿಸಿದ.

“ಯಾರದೋ ಗೌನು ಹೊಲೀತಾ, ಅಳತೆ ನೋಡೋಕೆ ತಾವೇ ತೊಟ್ಟಿದ್ದಾರೆ,” ಎಂದರು ಮೇಡಂ. “ಆ ಗಳಿಗೆಗೆ ಫೋಟೋ ಯಾರು ತೆಗೆದರು, ಯಾಕೆ ತೆಗೆದರು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕು ನಾವು. ಆದರೆ ಈ ಊರಿನ ನ್ಯಾಯಾಧೀಶರ ಬಗ್ಗೆ ದಪ್ಪ ದಪ್ಪ ಪುಸ್ತಕ ಇದೆ. ಅವರ ಮೈಮೇಲಿದ್ದ ಬಟ್ಟೆ ಹೊಲಿದವರ ಬಗ್ಗೆ ಒಂದು ಸಾಲು ಇಲ್ಲ. ನಿಮ್ಮ ಕಸ ಇಲ್ಲದಿದ್ದರೆ ಅವರು ಇದ್ದರು ಅಂತಲೇ ತಿಳೀತಿರಲಿಲ್ಲ. ನಾನು ಅಗೆಯೋದೇ ಇಂಥವರಿಗಾಗಿ.”

ಮ್ಯಾನೇಜರಿಗೆ ಇನ್ನು ತಡೆಯಲಾಗಲಿಲ್ಲ. “ಹಾಗಾದ್ರೆ ಇಷ್ಟು ವರ್ಷ ಬೀದಿಗೆಲ್ಲ ದರ್ಜಿ ತೀರ್ಪು ಕೊಟ್ಟಿರಿ ಅನ್ನಿ! ಮರಿಮೊಮ್ಮಗನವರೇ, ನನ್ನದೊಂದು ಪ್ಯಾಂಟು ಸೊಂಟದಲ್ಲಿ ಬಿಗಿ ಆಗಿದೆ. ಕಳಿಸಲಾ?”

ಬೆಳಗಿನವರೆಗೆ ‘ದರ್ಜಿ’ ಎಂಬ ಮಾತಿಗೆ ಉರಿದು ಬೀಳುತ್ತಿದ್ದ ಮನುಷ್ಯ ಈಗಲೂ ಉರಿದುಬಿದ್ದ. ಬೆಂಕಿ ಮಾತ್ರ ಗಾಳಿ ತಿರುಗಿದ ಹಾಗೆ ಆಚೆ ಕಡೆಗೆ ವಾಲಿತು.

“ಕಳಿಸಬೇಡಿ! ನಮ್ಮ ಮುತ್ತಾತ ಸಿಕ್ಕ ಸಿಕ್ಕವರದ್ದು ಹೊಲೀತಿರಲಿಲ್ಲ. ಕೋರ್ಟಿಗೆ ಕೋರ್ಟೇ ಇವರ ಮುಂದೆ ಕೈ ಎತ್ತಿ ನಿಂತು ಅಳತೆ ಕೊಡ್ತಿತ್ತು! ಇವರು ‘ತಿರುಗಿ’ ಅಂದ್ರೆ ನ್ಯಾಯಾಧೀಶರು ತಿರುಗಬೇಕು, ‘ಉಸಿರು ಹಿಡೀರಿ’ ಅಂದ್ರೆ ಹಿಡೀಬೇಕು! ನಿಮ್ಮ ಮುತ್ತಾತನ ಹೊಂಡ ಅಗೆಸಿ, ಏನು ಸಿಗುತ್ತೆ ನೋಡೋಣ!”

ಮ್ಯಾನೇಜರು ತಮ್ಮ ಹಿತ್ತಲ ಕಡೆ ಒಮ್ಮೆ ನೋಡಿಕೊಂಡರು. ಏನು ಹೊಳೆಯಿತೋ, ಪತ್ರಿಕೆ ಬಿಡಿಸಿಕೊಂಡು ಒಳಗೆ ನಡೆದರು.

ಅಷ್ಟರಲ್ಲಿ ಶಿಷ್ಯೆಯೊಬ್ಬಳು ಹೊಂಡದಿಂದ ಒಂದು ಪುಟ್ಟ ಹಿತ್ತಾಳೆಯ ಟೊಪ್ಪಿ ತಂದಳು. ಸೂಜಿ ಒತ್ತುವಾಗ ಚುಚ್ಚದ ಹಾಗೆ ದರ್ಜಿಗಳು ಬೆರಳಿಗೆ ತೊಡುವುದು. ತುದಿ ಸವೆದು ಸವೆದು ತೆಳ್ಳಗೆ ಕಾಗದದ ಹಾಗಾಗಿತ್ತು. ಮೇಡಂ ಬೇಡ ಬೇಡ ಎನ್ನುವುದರೊಳಗೆ ಮರಿಮೊಮ್ಮಗ ಅದನ್ನು ಬೆರಳಿಗೆ ಹಾಕಿಕೊಂಡ. ಅಳತೆ ಮಾಡಿಸಿದಂತೆ ಕೂತಿತು. ಕೂತದ್ದು ಏಳಲಿಲ್ಲ.

“ತೆಗೀರಿ!”

“ಬರ್ತಿಲ್ಲ!”

“ಎಳೀಬೇಡಿ! ಹರಿದುಹೋಗುತ್ತೆ!”

“ಬೆರಳಾ?”

“ಬೆರಳು ಹೋದ್ರೆ ಹೋಗಲಿ ರೀ, ಅದು ಇನ್ನೊಂದು ಸಿಗಲ್ಲ!”

ಅಕ್ಕ ಸೋಪು ತಂದಳು, ಹೆಂಡತಿ ಎಣ್ಣೆ ತಂದಳು. ಬೆರಳು ಊದಿ ಕೆಂಪಗಾಯಿತೇ ಹೊರತು ಟೊಪ್ಪಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮೇಡಂ ನಿಟ್ಟುಸಿರುಬಿಟ್ಟು, ಒಂದು ಚೀಟಿಯ ಮೇಲೆ ನಂಬರು ಬರೆದು, ದಾರ ಪೋಣಿಸಿ, ಅವನ ಬೆರಳಿಗೇ ಕಟ್ಟಿದರು. “ಊತ ಇಳಿಯೋವರೆಗೆ ನೀವು ನಮ್ಮ ಸುಪರ್ದಿಯಲ್ಲಿ. ಕೈ ತೊಳೀಬೇಡಿ.”

ಆ ಹೊತ್ತಿಗೆ ಸರಿಯಾಗಿ ಮುಂಬಾಗಿಲಲ್ಲಿ ಜೀಪು ನಿಂತಿತು. ಪುರಸಭೆಯ ಅಧಿಕಾರಿಗಳು ತಾವಾಗಿಯೇ ಬಂದಿದ್ದರು. ಬೆವರಿದ್ದರು, ಸಿಡುಕುತ್ತಿದ್ದರು.

“ಎಲ್ರೀ ನಿಮ್ಮ ನ್ಯಾಯಮೂರ್ತಿಗಳು? ನಾಳೆ ಸಭಾಂಗಣಕ್ಕೆ ಮಂತ್ರಿಗಳು ಬರ್ತಾರೆ. ಆ ಖಾಲಿ ಮೊಳೆ ನೋಡಿ ಅಧ್ಯಕ್ಷರು ಕೆಂಡ ಕಾರಿದ್ರು. ಹಲ್ಲು ಬಿದ್ದ ಬಾಯಿ ಹಾಗೆ ಕಾಣುತ್ತಂತೆ. ಕೊಡಿ ಫೋಟೋ, ಹೊರಡ್ತೀನಿ.”

ಅಕ್ಕನ ಕಣ್ಣುಗಳು ದೀಪವಾದವು.

ಮೇಡಂ ಮುಂದೆ ಬಂದರು. “ಅವರು ನ್ಯಾಯಾಧೀಶರಲ್ಲ. ದರ್ಜಿ. ನನ್ನ ವರದಿಯಲ್ಲಿ ಹಾಗೇ ಬರುತ್ತೆ.”

“ನಿಮ್ಮ ವರದಿ ಬರೋದು ಯಾವಾಗ?”

“ಬರೆದು, ಪರೀಕ್ಷೆಗಳೆಲ್ಲ ಆಗಿ, ಮುಂದಿನ ವರ್ಷ.”

“ಮಂತ್ರಿಗಳು ಬರೋದು ನಾಳೆ. ಕೆಳಗೆ ‘ನ್ಯಾಯಮೂರ್ತಿ’ ಅಂತ ಹಿತ್ತಾಳೆ ಫಲಕವೂ ಆಗಿದೆ. ಗೌನು ಇದೆ, ಗಾಂಭೀರ್ಯ ಇದೆ. ಇನ್ನೇನು ಬೇಕು? ಏನ್ರೀ ಮರಿಮೊಮ್ಮಗ, ಬೆಂಚಿನ ಕಾಲು ಮುರಿದು ಕೇಳ್ತಿದ್ರಲ್ಲ, ಮೊಳೆ ನಿಮ್ಮದು. ದರ್ಜಿ ಗಿರ್ಜಿ ಅನ್ನೋದನ್ನ ಎಲ್ಲೂ ಎತ್ತಬೇಡಿ, ಅಷ್ಟೇ. ತನ್ನಿ.”

ಅಕ್ಕ ಪಕ್ಕೆಗೆ ತಿವಿದಳು. “ಕೊಡೋ! ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ.”

ಹೆಂಡತಿ ಜರಡಿಯನ್ನು ಮಣ್ಣು ಕೊಡವಿ ಎದೆಗೊತ್ತಿಕೊಂಡು ಗಂಡನನ್ನೇ ನೋಡುತ್ತಿದ್ದಳು.

ಮರಿಮೊಮ್ಮಗ ಫೋಟೋ ಎತ್ತಿಕೊಂಡ. ಅಧಿಕಾರಿ ಎರಡೂ ಕೈ ಚಾಚಿದರು. ಮುತ್ತಾತ ತುಟಿಯಲ್ಲಿ ಪಿನ್ನು ಕಚ್ಚಿಕೊಂಡು, ಕೈ ದೂರ ಹಿಡಿದು, ಯಾರದೋ ಗೌನಿನೊಳಗೆ ಉಸಿರು ಬಿಗಿಹಿಡಿದಿದ್ದರು. ಮರಿಮೊಮ್ಮಗ ನಂಬರಿನ ಚೀಟಿ ತೂಗುತ್ತಿದ್ದ ಬೆರಳಿನಿಂದ ಗಾಜಿನ ಮೇಲಿದ್ದ ಮಣ್ಣನ್ನು ಒರೆಸಿದ. ಹಿತ್ತಾಳೆ ಗಾಜಿಗೆ ತಾಗಿ ಟಿಕ್ ಎಂದಿತು. ಅವನು ಫೋಟೋವನ್ನು ತಿರುಗಿಸಿ ಎದೆಗೆ ಆನಿಸಿಕೊಂಡ.

“ಹೊಲಿಗೆ ಇನ್ನೂ ಕಚ್ಚಾದಲ್ಲಿದೆ ಸ್ವಾಮಿ,” ಎಂದ. “ಪಿನ್ನು ತೆಗೆಯದ ಬಟ್ಟೆ ನಮ್ಮ ಮನೆಯಿಂದ ಆಚೆ ಹೋಗಲ್ಲ. ಕೊಡಲ್ಲ.”